ನೀಲಿ ಬಟ್ಟೆಯನ್ನು ಚೀಲಕ್ಕೆ ಹಾಕಬೇಡ

ರುಂಗ್ವಾ ನದಿ ದಂಡೆಯ ಬಿಡಾರ
ಜೂನ್ ಹದಿನೆಂಟು, ೧೯೯೧

ನನ್ನ ಅಕ್ಕ ಮಿಲೆಂಬೆಯ ಮಗಳು, ತಪ್ಪಿಸಿಕೊಂಡ ಮೇಕೆಯನ್ನು ಬರೀ ಬಂಡೆಯ ಮೇಲೂ ಜಾಡು ಹಿಡಿದು ತರುವ ಜಾಣೆ ನ್ಯಾಂಜಾಲಾಳಿಗೆ, ಈ ಬೇಟೆ ಬಿಡಾರದ ಸಮಸ್ತ ಬಟ್ಟೆಬರೆಗಳ ದೊರೆಯಾದ ಮಾವ ಮಿಹಾಂಬೋ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಲಾರಿ ಚಾಲಕನ ಟೊಪ್ಪಿಗೆಯೊಳಗೆ ಕೂತು ಬಂದು ತಲುಪಿತು. ಅವನ ಬೆವರಿಗೆ ಅರ್ಧ ಅಕ್ಷರಗಳು ಅಳಿಸಿಹೋಗಿದ್ದವು. ಆದರೂ ಓದಿದೆ. ಮಿಷನ್ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದವನು ನಾನು. ಐದಕ್ಕೂ ಹೋಗಿದ್ದರೆ ಮೇಷ್ಟರ ಕೆಲಸಕ್ಕೆ ಸಂಚಕಾರ ಬರುತ್ತಿತ್ತು, ಪಾಪ, ಮಕ್ಕಳೊಂದಿಗ ಎಂದು ಬಿಟ್ಟುಬಿಟ್ಟೆ.

ಜಾಡಿನ ಕೆಲಸ ಕಲಿಯಲು ಬರುವಾಗ ಚೀಲಕ್ಕೆ ಏನೇನು ತುಂಬಲಿ ಎಂದು ಕೇಳಿದ್ದೀಯೆ. ಸರಿಯಾದ ಮನುಷ್ಯನನ್ನೇ ಕೇಳಿದೆ. ಕೊನೆಯಲ್ಲಿ, ಅಕ್ಷರ ಸಣ್ಣದು ಮಾಡಿ, ಅಮ್ಮ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ನೀಲಿ ಕಿತೆಂಗೆಯನ್ನು ತರಬಹುದೇ ಎಂದೂ ಕೇಳಿದ್ದೀಯೆ. ಆ ಬಟ್ಟೆಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಚೀಲವನ್ನು ಯಾರು ಬಿಚ್ಚುತ್ತಾರೆ ಎಂಬುದು ಗೊತ್ತಿರಲಿ.

ಇತಿಗಿ ರೈಲು ನಿಲ್ದಾಣದ ಮುಂದೆ ಲಾರಿ ಬಂದು ನಿಲ್ಲುತ್ತದೆ. ಲಾರಿ ಹತ್ತುವ ಮುಂಚೆ ಹೊಸಬರ ಚೀಲವನ್ನು ನಮ್ಮ ಹಿರಿಯ ಜಾಡುಗಾರ ಚಿವಾಂಗಾ ನೆಲದ ಮೇಲೆ ಸುರಿಯುತ್ತಾನೆ. ಒಂದೊಂದನ್ನೂ ಎತ್ತಿ ಹಿಡಿದು, ನೆರೆದವರಿಗೆಲ್ಲ ತೋರಿಸಿ, ಬಾಯಿಗೆ ಬಂದದ್ದು ಅನ್ನುತ್ತಾನೆ. ಕಾಡಿಗೆ ಆಗದ್ದನ್ನು ಪಕ್ಕಕ್ಕೆ ಎಸೆಯುತ್ತಾನೆ. ಮನಸ್ಸಿಗೆ ಬಂದ ಒಂದನ್ನು ತಾನೇ ಇಟ್ಟುಕೊಳ್ಳುತ್ತಾನೆ. ಅವನು ಗೋಗೋ ಕುಲದವನು, ನಾವು ನ್ಯಾಮ್ವೇಜಿ ಕುಲದವರು. ಅವರೂ ನಾವೂ ತಾತಂದಿರ ಕಾಲದಿಂದ ಹಾಸ್ಯದ ನೆಂಟರು. ಅವನು ಬೈದರೆ ನಾವು ನಗಬೇಕು, ಕಿತ್ತುಕೊಂಡರೆ ಕೊಡಬೇಕು. ನಮ್ಮ ಸರದಿ ಬಂದಾಗ ಬಡ್ಡಿ ಸಮೇತ ತೀರಿಸಬೇಕು. ಇದೆಲ್ಲ ನಿನಗೆ ಗೊತ್ತೇ ಇದೆ. ಗೊತ್ತಿಲ್ಲದ್ದು ಏನೆಂದರೆ, ಚಿವಾಂಗಾ ನೋಡುವುದು ಚೀಲವನ್ನಲ್ಲ, ಚೀಲದ ಹಿಂದೆ ನಿಂತ ಮುಖವನ್ನು. ಮುಖ ಕೆಂಪಾಯಿತೋ, ಅಂಥವರನ್ನು ಅಲ್ಲೇ ಬಿಟ್ಟು ಲಾರಿ ಹೊರಡುತ್ತದೆ. ಹೋದ ವರ್ಷ ದೊಡೋಮಾ ಕಡೆಯ ಒಬ್ಬ ಗಟ್ಟಿಗನ ರೇಡಿಯೋ ಎತ್ತಿಕೊಂಡ. ಆತ ಮುಷ್ಟಿ ಬಿಗಿದ. ಚಿವಾಂಗಾ ರೇಡಿಯೋವನ್ನು ಮೆತ್ತಗೆ ಅವನ ಕೈಗೇ ಇಟ್ಟು, ‘ಹೋಗಿ ಬಾರಪ್ಪ, ಮನೇಲಿ ಕೂತು ಹಾಡು ಕೇಳು. ಸಿಟ್ಟು ಬಂದೋನ ಕಾಲು ನೆಲ ನೋಡಾಕಿಲ್ಲ. ಒಣಕಡ್ಡಿ ತುಳೀತೈತೆ. ಕಾಡೆಮ್ಮೆಗೆ ಅಷ್ಟೇ ಸಾಕು,’ ಅಂದ.

ನನ್ನ ಮೊದಲ ವರ್ಷದ ಕಥೆಯನ್ನು ನಿಮ್ಮಮ್ಮ ನಿನಗೆ ಹೇಳಿದ್ದಳೋ ಇಲ್ಲವೋ. ಹೇಳಿದ್ದರೂ ತಪ್ಪು ತಪ್ಪಾಗಿ ಹೇಳಿರುತ್ತಾಳೆ. ನಾನು ತಲೆಗೆ ಹಚ್ಚುವ ಪರಿಮಳದ ಎಣ್ಣೆ, ಹೊಳೆಯುವ ಕರಿ ಬೂಟು, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತುಂಬಿಕೊಂಡು ಹೋಗಿದ್ದೆ. ಚಿವಾಂಗಾ ಅಂಗಿಯನ್ನು ಕೋಲಿಗೆ ಸಿಕ್ಕಿಸಿ ಬಾವುಟದ ಹಾಗೆ ಎತ್ತಿದ.

‘ನೋಡ್ರಪ್ಪೋ, ಹೆಣ್ಣು ನೋಡಾಕೆ ಬಂದವ್ನೆ! ಯಾವ ಕಾಡೆಮ್ಮೆಯೋ ನಿನ್ನ ಹುಡುಗಿ? ಅದರಪ್ಪಂಗೆ ಎಷ್ಟು ದನ ಕೊಡ್ತೀಯೋ?’

‘ದನ ಯಾಕೆ, ಒಬ್ಬ ಗೋಗೋನ್ನ ಕೊಡ್ತೀನಿ. ದನಕ್ಕಿಂತ ಅವ್ನೇ ಹೆಚ್ಚು ಮೇಯ್ತಾನೆ,’ ಅಂದೆ ನಾನು.

ಇಡೀ ನಿಲ್ದಾಣ ನಕ್ಕಿತು. ರೈಲೇ ನಕ್ಕಿತು ಅನ್ನು. ಎಣ್ಣೆಯನ್ನು ಚಿವಾಂಗಾ ಲಾರಿಯ ಬಾಗಿಲಿನ ತಿರುಗಣಿಗೆ ಹಾಕಿದ, ನನ್ನ ಸೊಂಟದ ಪಟ್ಟಿಯನ್ನು ತಾನು ಕಟ್ಟಿಕೊಂಡ. ಆ ವರ್ಷವಿಡೀ ನಾನು ಮರದ ನಾರಿನಲ್ಲಿ ಪ್ಯಾಂಟು ಕಟ್ಟಿಕೊಂಡು ಓಡಾಡಿದೆ. ಇವತ್ತಿಗೂ ಆ ಪಟ್ಟಿ ಅವನ ಸೊಂಟದಲ್ಲೇ ಇದೆ. ನಾನು ಪ್ರತಿ ವರ್ಷ ಅವನ ನಶ್ಯದ ಡಬ್ಬಿ ಕದಿಯುತ್ತೇನೆ. ಹೊಟ್ಟೆಬಾಕ, ಸೊಟ್ಟಗಾಲ, ಗೊರಕೆ ಹೊಡೆದರೆ ಸಿಂಹ ಜಾಗ ಖಾಲಿ ಮಾಡಬೇಕು. ಆದರೆ ಮಗಳೇ, ನೆಲದ ಮೇಲೆ ಬಗ್ಗಿದಾಗ ಅವನನ್ನು ನೋಡಬೇಕು. ನಿನ್ನೆ ಮೊನ್ನೆ ಹಾದುಹೋದ ಕಾಡೆಮ್ಮೆ ಯಾವ ಕಾಲನ್ನು ನೋವಿನಿಂದ ಎತ್ತಿಟ್ಟಿತು ಎಂಬುದನ್ನು, ಮಲಗಿದ ಕೂಸಿನ ಮುಖ ನೋಡಿ ತಾಯಿ ಹೇಳುವ ಹಾಗೆ ಹೇಳುತ್ತಾನೆ. ಈ ಮಾತನ್ನು ಅವನಿಗೆ ಹೇಳಿದರೆ ನೀನು ನನ್ನ ಸೊಸೆಯೇ ಅಲ್ಲ.

ಈಗ ಚೀಲ. ಒಣಹುಲ್ಲಿನ ಬಣ್ಣ, ಧೂಳಿನ ಬಣ್ಣ, ಎಲೆ ಬಾಡಿದ ಬಣ್ಣ. ಇವು ಬಿಟ್ಟು ಬೇರೆ ಬೇಡ. ಸೈನಿಕರ ಚುಕ್ಕೆಬಟ್ಟೆಯಂತೂ ಬೇಡವೇ ಬೇಡ, ಪೊಲೀಸರು ಕಾಡು ತಲುಪುವ ಮೊದಲೇ ನಿನ್ನನ್ನು ಬೇಟೆಯಾಡುತ್ತಾರೆ. ಕಪ್ಪು, ಕಡುನೀಲಿ ಕಂಡರೆ ರಕ್ತ ಹೀರುವ ತ್ಸೆತ್ಸೆ ನೊಣಕ್ಕೆ ಹಬ್ಬ. ಬಟ್ಟೆ ಸದ್ದು ಮಾಡುತ್ತದೆಯೋ ಎಂದು ನೋಡಲು ನಿಮ್ಮ ಮನೆಯ ಕುಂಟು ನಾಯಿ ಮಲಗಿದ್ದಾಗ ಅದರ ಕಿವಿಯ ಪಕ್ಕ ತೋಳನ್ನು ತೋಳಿಗೆ ಉಜ್ಜು. ಕಿವಿ ನಿಮಿರಿತೋ, ಆ ಅಂಗಿ ಮನೆಯಲ್ಲೇ ಇರಲಿ. ಬೂಟನ್ನು ಇವತ್ತಿನಿಂದಲೇ ಮೆಟ್ಟಿಕೊಂಡು ನೀರಿಗೆ ಹೋಗು. ಹೊಸ ಬೂಟಿನಲ್ಲಿ ಬರುವವರು ಕಾಡೆಮ್ಮೆಯ ಜಾಡು ಬಿಟ್ಟು ತಮ್ಮ ಬೊಬ್ಬೆಯನ್ನೇ ನೋಡುತ್ತಾರೆ. ದಪ್ಪನೆಯ ಸ್ವೆಟರ್ ಒಂದು ಇರಲಿ, ಬೆಳಗಿನ ಜಾವ ತೆರೆದ ಗಾಡಿಯ ಹಿಂದೆ ನಿಂತರೆ ಹಲ್ಲು ತಾವಾಗಿ ಡೋಲು ಬಾರಿಸುತ್ತವೆ. ಮುಳ್ಳು ಕೀಳಲು ಸೂಜಿ. ವಾಸನೆಯ ಸಾಬೂನು ಬೇಡ, ನಿನ್ನ ಮದುವೆಗೆ ನಾನೇ ಕೊಡಿಸುತ್ತೇನೆ.

ಒಗೆದ ಬಟ್ಟೆಯ ಚಿಂತೆ ನಿನಗೆ ಬೇಡ, ಅದು ನನ್ನ ರಾಜ್ಯ. ಹಸಿ ಬಟ್ಟೆಯ ಮೇಲೆ ನೊಣ ಮೊಟ್ಟೆ ಇಡುತ್ತದೆ, ಅದು ಮೈಗೆ ತಾಗಿದರೆ ಚರ್ಮದೊಳಗೆ ಹುಳು ಬೆಳೆಯುತ್ತದೆ. ಆದ್ದರಿಂದ ಅತಿಥಿಯ ಕಾಲುಚೀಲದಿಂದ ಅಡುಗೆಯವನ ಲಂಗೋಟಿಯವರೆಗೆ ಎಲ್ಲದಕ್ಕೂ ನನ್ನ ಕೆಂಡದ ಇಸ್ತ್ರಿ ಬೀಳಲೇಬೇಕು, ಹೊರಗೂ ಒಳಗೂ. ಈ ಕಾಡಿನಲ್ಲಿ ನಾನು ಇಸ್ತ್ರಿ ಮಾಡಿದ ಲಂಗೋಟಿ ಉಟ್ಟವರಲ್ಲಿ ಇಬ್ಬರು ಮಂತ್ರಿಗಳೂ ಇದ್ದಾರೆ. ಹೆಸರು ಹೇಳುವುದು ಸಭ್ಯತೆಯಲ್ಲ.

ಇದರ ಜೊತೆ ಒಂದು ಗಂಟು ಕಳಿಸಿದ್ದೇನೆ. ಅದರಲ್ಲಿರುವುದು ನಿಮ್ಮಮ್ಮ ನನಗೆ ಹೊಲಿದುಕೊಟ್ಟ ಪ್ಯಾಂಟು. ನಿನ್ನ ಅಳತೆಗೆ ಕತ್ತರಿಸಿ ನಾನೇ ಹೊಲಿದಿದ್ದೇನೆ. ಹೊಲಿಗೆ ಅಷ್ಟು ಚೆನ್ನಾಗಿದ್ದರೆ ಆಶ್ಚರ್ಯಪಡಬೇಡ.

ಆ ಪ್ಯಾಂಟು ಸಾಮಾನ್ಯದ್ದಲ್ಲ. ಒಂದು ಸಲ ಜರ್ಮನಿಯಿಂದ ಗೆರ್ಟ್ರೂಡ್ ಎಂಬ ಅಜ್ಜಿ ಬೇಟೆಗೆ ಬಂದಳು. ಬಂದೂಕು ಬಂತು, ಬಟ್ಟೆಯ ಪೆಟ್ಟಿಗೆಗಳು ಬರಲಿಲ್ಲ. ವಿಮಾನದವರು ಅವಕ್ಕೆ ಬೇರೆ ಯಾವುದೋ ದೇಶ ತೋರಿಸಲು ಕರೆದೊಯ್ದಿದ್ದರು. ಅಜ್ಜಿ ಉಟ್ಟಿದ್ದ ಕಡುನೀಲಿ ಲಂಗದ ಹಿಂದೆ ನೊಣಗಳ ದಂಡು. ‘ಅಜ್ಜಿ ಹಿಂದೆ ನೋಡ್ರೋ, ದಿಬ್ಬಣ ಹೊಂಟಂಗೈತೆ! ಮದುಮಗ ಯಾವ ನೊಣ ಅಂತ ಕೇಳ್ರೋ!’ ಎಂದು ಚಿವಾಂಗಾ ಕೂಗಿದ. ಅವನು ಏನಂದ ಎಂದು ಅಜ್ಜಿ ಹಟ ಹಿಡಿದು ಕೇಳಿದಳು. ಬಿಡಾರದ ಯಜಮಾನ ಹೆದರಿ ಹೆದರಿ ಹೇಳಿದ. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಎಲ್ಲಕ್ಕಿಂತ ದಪ್ಪನೆಯ ನೊಣದ ಕಡೆ ಬೆರಳು ತೋರಿಸಿದಳು. ಅಷ್ಟೇ, ಚಿವಾಂಗಾ ಅವಳಿಗೆ ಸೋತ. ತನ್ನ ಅಂಗಿ ಬಿಚ್ಚಿ ಕೊಟ್ಟ. ಅಡುಗೆಯವನು ಸ್ವೆಟರ್ ಕೊಟ್ಟ. ನಾನು ಈ ಪ್ಯಾಂಟು ಕೊಟ್ಟೆ. ಅದೇ ಪ್ಯಾಂಟಿನಲ್ಲಿ ಅಜ್ಜಿ ಮೊಣಕಾಲೂರಿ ಕಾಡೆಮ್ಮೆಯ ಹಿಂಡಿನ ಹತ್ತಿರಕ್ಕೆ ಹೋದಳು. ಗುಂಡಿ ಇಲ್ಲ, ಕೊಕ್ಕೆ ಇಲ್ಲ, ಬರೀ ಬಟ್ಟೆಯ ಕಸೆ. ಮೊಣಕಾಲಿಗೆ ಎರಡು ಪದರ. ಹುಲ್ಲು ಸದ್ದು ಮಾಡಿತು, ಪ್ಯಾಂಟು ಮಾಡಲಿಲ್ಲ. ಅವತ್ತು ಗಾಳಿ ತಿರುಗಿತೆಂದು ಬಂದೂಕು ಇಳಿಸಿ, ನಕ್ಕು, ಹಿಂದಕ್ಕೆ ಬಂದಳು. ಆಮೇಲೊಂದು ದಿನ ಮುದಿ ಗೂಳಿಯೊಂದನ್ನು ಒಂದೇ ಗುಂಡಿಗೆ ಕೆಡವಿದಳು. ಊರಿಗೆಲ್ಲ ಮಾಂಸ.

ಹೊರಡುವಾಗ ಈ ಪ್ಯಾಂಟು ಹೊಲಿದವರನ್ನು ನೋಡಲೇಬೇಕೆಂದಳು. ನಿಮ್ಮ ಮನೆಗೆ ಕರೆತಂದೆ. ನೀನು ಆಗ ಅಮ್ಮನ ನೀಲಿ ಕಿತೆಂಗೆಯ ಹಿಂದೆ ಅವಿತು, ಒಂದೇ ಕಣ್ಣು ಹೊರಗಿಟ್ಟಿದ್ದೆ. ಸದ್ದು ಮಾಡದ ಬಟ್ಟೆ ಹೊಲಿಯುವುದನ್ನು ಎಲ್ಲಿ ಕಲಿತೆ ಎಂದು ಅಜ್ಜಿ ಕೇಳಿದಾಗ ನಿಮ್ಮಮ್ಮ ಏನಂದಳು ನೆನಪಿದೆಯೇ? ‘ನನ್ ತಮ್ಮನ ಬಾಯಿ ಮುಚ್ಚೋಕೆ ದೇವರ ಕೈಲೂ ಆಗಲ್ಲಮ್ಮ. ಪ್ಯಾಂಟಾದ್ರೂ ಸುಮ್ನಿರ್ಲಿ ಅಂತ ಹಿಂಗೆ ಹೊಲ್ದೆ.’ ಇಂಥವಳು ನನ್ನ ಅಕ್ಕ. ಎದುರಿಗಿದ್ದಾಗ ಹೊಗಳಲು ಅವಳು ಬಿಡಲಿಲ್ಲ.

ಈಗ ಕಿತೆಂಗೆಯ ಮಾತು.

ನಿನಗೆ ಚಿವಾಂಗಾನನ್ನು ಕಂಡರೆ ಆಗದು ಎಂಬುದು ನನಗೆ ಗೊತ್ತು. ಅಮ್ಮನನ್ನು ಮಣ್ಣು ಮಾಡಲು ಒಯ್ಯುವಾಗ ದಾರಿಗೆ ಅಡ್ಡ ಮಲಗಿ ಅವನು ಕೂಗಾಡಿದ್ದು ನಿನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ‘ನಂಗೂ ಒಂದು ಪ್ಯಾಂಟು ಹೊಲ್ಕೊಡ್ತೀನಿ ಅಂದಿದ್ದೆ, ಈಗ ಮಲ್ಕೊಂಡು ಹೊಂಟೆಯಾ ಮೋಸಗಾತಿ? ಏಳೇ ಮೇಲೆ! ಅಳತೆ ತಗೊಂಡು ಹೋಗು!’ ಎಂದ. ಹಾಸ್ಯದ ನೆಂಟನ ಕೆಲಸವೇ ಅದು. ಅವನ ತಮ್ಮ ಸತ್ತಾಗ ನಾನೂ ಹೆಣದ ಟೊಪ್ಪಿಗೆ ಹಾಕಿಕೊಂಡು ಕುಣಿದಿದ್ದೆ. ಆದರೆ ನೀನು ಸೌಟು ಬೀಸಿ ಎಸೆದೆ. ಹಣೆಗೆ ತಗುಲಿತು. ಆ ಗಾಯದ ಗುರುತನ್ನು ಬಿಡಾರದಲ್ಲಿ ಅತಿಥಿಗಳಿಗೆ ತೋರಿಸಿ ಕಾಡೆಮ್ಮೆಯ ಕೊಂಬು ತಿವಿದದ್ದು ಎನ್ನುತ್ತಾನೆ. ನೀನು ಒಳಗೆ ಓಡಿಹೋದೆ, ಆಮೇಲಿನದನ್ನು ನೋಡಲಿಲ್ಲ. ಗುಂಡಿ ತೋಡಿದವನು ಅವನೇ. ಬೇರೆ ಯಾರ ಕೈಗೂ ಗುದ್ದಲಿ ಕೊಡಲಿಲ್ಲ.

ಈ ವರ್ಷ ಅವನ ಕೊನೆಯ ವರ್ಷ. ಮೊಣಕಾಲು ಹೋಗಿದೆ. ಅವನು ಕೈಹಿಡಿದು ಕಲಿಸಿದವರನ್ನು ಬಿಟ್ಟು ಬೇರೆಯವರನ್ನು ಯಜಮಾನ ಜಾಡಿಗೆ ಇಟ್ಟುಕೊಳ್ಳುವುದಿಲ್ಲ. ಹೆಣ್ಣುಮಗಳನ್ನಂತೂ ಇನ್ಯಾರೂ ಕೇಳುವುದೂ ಇಲ್ಲ. ಈ ಸಲ ಲಾರಿ ನಿನ್ನನ್ನು ಬಿಟ್ಟು ಹೊರಟರೆ ಮೇಕೆಗಳ ಹಿಂದೆಯೇ ನಿನ್ನ ತಲೆ ನೆರೆಯುತ್ತದೆ. ಅವನು ಮೊನ್ನೆ ನಾನು ಒಗೆಯುತ್ತಿದ್ದ ಕಲ್ಲಿನ ಹತ್ತಿರ ಬಂದು ಕೂತು, ‘ನಿನ್ನ ಸೊಸೆ ಬರ್ಲಿ ಮಿಹಾಂಬೋ. ನಿಂಗೆ ಅವತ್ತು ಅಂದದ್ದು ಏನೇನೂ ಅಲ್ಲ ಅನ್ನಿಸಬೇಕು, ಹಂಗೆ ಅಂತೀನಿ ಅವಳ್ನ. ಸೌಟು ತರಾಕೆ ಹೇಳು,’ ಅಂದ.

‘ಅವಳ ಕೈಲಿ ಸೌಟು ಬೇಡಪ್ಪ, ನಿನ್ನ ಮುಖ ನೋಡಿದ್ರೆ ಬೀಸೋ ಕಲ್ಲೇ ತರ್ತಾಳೆ,’ ಅಂದೆ.

ನಕ್ಕ. ಆದರೆ ಅವನು ಆಡಿದ್ದು ಆಟಕ್ಕಲ್ಲ ಎಂಬುದು ನನಗೆ ಗೊತ್ತು. ಆದ್ದರಿಂದ ಹೇಳುತ್ತೇನೆ, ಕಿತೆಂಗೆಯನ್ನು ತರಬೇಡ. ಕಡುನೀಲಿ. ನೊಣದ ಮಾತು ಹಾಗಿರಲಿ, ಚಿವಾಂಗಾ ಅದನ್ನು ಎತ್ತಿ ಹಿಡಿದು ಎಲ್ಲರ ಮುಂದೆ ಅಮ್ಮನ ಹೆಸರು ಹೇಳಿ ಏನಾದರೂ ಅಂದ ಅನ್ನು, ತನ್ನ ಹೆಗಲಿಗೆ ಹಾಕಿಕೊಂಡ ಅನ್ನು. ಆಗ ನಿನ್ನ ಮುಖ ಹೇಗಿರುತ್ತದೆ ಎಂದು ಬಾವಿಯ ನೀರಿನಲ್ಲಿ ಒಮ್ಮೆ ನೋಡಿಕೊ. ಪೆಟ್ಟಿಗೆಯಲ್ಲೇ ಭದ್ರವಾಗಿರಲಿ.

ಚೀಲದ ಮೇಲುಗಡೆ ನಿನ್ನ ಅತ್ತೆಯ ಕೆಂಪು ಹೂವಿನ ದರಿದ್ರ ಟೊಪ್ಪಿಗೆ ಇಡು. ಎಸೆಯಲು ಏನೂ ಸಿಗದಿದ್ದರೆ ಚಿವಾಂಗಾನಿಗೆ ಊಟ ಸೇರುವುದಿಲ್ಲ, ಒಳ್ಳೆಯದನ್ನೇ ಎಸೆಯುತ್ತಾನೆ. ಬೈದರೆ ಬೈ. ಅವನ ಸೊಟ್ಟಗಾಲು, ಗೊರಕೆ ಎರಡನ್ನೂ ನಿನಗೆ ಉಡುಗೊರೆಯಾಗಿ ಕೊಟ್ಟಿದ್ದೇನೆ, ಧಾರಾಳವಾಗಿ ಬಳಸು.

ಉಗಾಲಿ ಮುದ್ದೆ ಬಿಸಿಯಾಗಿರುತ್ತದೆ, ಬೇಗ ಬಾ.

ಇಂತಿ, ಇತಿಗಿಯಿಂದ ರುಂಗ್ವಾವರೆಗೆ ಇಸ್ತ್ರಿಯಲ್ಲಿ ಸರಿಸಾಟಿ ಇಲ್ಲದ
ನಿನ್ನ ಮಾವ
ಮಿಹಾಂಬೋ

ತಾ.ಕ.: ಪ್ಯಾಂಟಿನ ಸೊಂಟವನ್ನು ಒಳಮಗ್ಗುಲಿಗೆ ತಿರುಗಿಸಿ ನೋಡು. ಅಲ್ಲಿ ಒಂದು ಅಂಗೈಯಗಲ ನೀಲಿ ಕಾಣುತ್ತದೆ. ಹೌದು, ಅದೇ. ನಾನು ಕಳೆದ ಸಲ ಬಂದಾಗ, ನೀನು ನೀರಿಗೆ ಹೋದಾಗ, ಪೆಟ್ಟಿಗೆ ತೆಗೆದು ಕತ್ತರಿಸಿದೆ. ಅಮ್ಮ ಇಸ್ತ್ರಿ ಕೆಂಡ ಬೀಳಿಸಿ ತೂತು ಮಾಡಿಕೊಂಡಿದ್ದಳಲ್ಲ, ಆ ಮೂಲೆ. ಒಳಗಿದ್ದರೆ ನೊಣಕ್ಕೆ ಕಾಣುವುದಿಲ್ಲ. ಇನ್ನೊಂದು. ಹೊಲಿಗೆ ಸೊಟ್ಟಗಿದೆ ಎಂದು ನನ್ನನ್ನು ಬೈಯಬೇಡ, ನಾನು ಹೊಲಿದದ್ದಲ್ಲ. ಬರೆದ ಮೇಲೆ ಸುಳ್ಳು ನಿಲ್ಲುತ್ತಿಲ್ಲ. ಚಿವಾಂಗಾ ನನ್ನ ಕೈಯಿಂದ ಸೂಜಿ ಕಿತ್ತುಕೊಂಡು, ‘ಪ್ಯಾಂಟು ಹೊಲ್ಕೊಡ್ತೀನಿ ಅಂದೋಳು ಹೊಂಟೋದ್ಲು. ಬಿಡು, ಅವಳ ಮಗಳಿಗೆ ನಾನೇ ಹೊಲೀತೀನಿ,’ ಎಂದು ಇಡೀ ಮಧ್ಯಾಹ್ನ ಕೂತು ಹೊಲಿದ. ಬೆರಳಿಗೆ ಚುಚ್ಚಿಕೊಂಡಾಗಲೆಲ್ಲ ನಿಮ್ಮಮ್ಮನನ್ನು ಬೈದ. ಇದನ್ನು ನಿನಗೆ ತಿಳಿಸಕೂಡದು ಎಂದು ಆಣೆ ಹಾಕಿಸಿದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ. ನಿಲ್ದಾಣದಲ್ಲಿ ಅವನು ಆ ನೀಲಿಯನ್ನೇ ಎತ್ತಿ ಹಿಡಿದು ಅನ್ನಬಾರದ್ದು ಅನ್ನುತ್ತಾನೆ, ನೋಡುತ್ತಿರು. ಅಮ್ಮನ ಬಟ್ಟೆಗೆ ಕತ್ತರಿ ಹಾಕಿದ್ದಕ್ಕೆ ನನ್ನ ಮೇಲೆ ಸಿಟ್ಟು ಬಂತೇ? ಬಂದಿದ್ದರೆ ಈಗಲೇ, ಅಲ್ಲೇ ಅಂಗಳದಲ್ಲಿ, ಸೌಟು ಎಸೆದು ಮುಗಿಸಿಬಿಡು. ಲಾರಿ ಬರುವ ಹೊತ್ತಿಗೆ ಕೈ ಖಾಲಿ ಇರಲಿ.