ಇವತ್ತು ಕಾಡಿಗೆ ಬೇಡ

ಅಕ್ಕ,

ನೀನು ಏಳುವ ಹೊತ್ತಿಗೆ ನಾನು ಕೆಲಸಕ್ಕೆ ಹೋಗುವ ತಾಂಡ್ಯದ ಬಸ್ಸಿನಲ್ಲಿರುತ್ತೇನೆ. ವರ್ಷದ ಖಾರದ ಪುಡಿಗೆಂದು ನಿನ್ನೆ ಅಷ್ಟೂ ಮೆಣಸಿನಕಾಯಿಯ ತೊಟ್ಟನ್ನು ನೀನೊಬ್ಬಳೇ ಬಿಡಿಸಿದೆ. ನಾನು ಬೇಡವೆಂದರೂ ನೀನು ಉರಿಯುವ ಕೈಯನ್ನು ಬಿಸಿನೀರಿಗೆ ಅದ್ದಿ ಉರಿ ಹೆಚ್ಚಿಸಿಕೊಂಡೆ.

ಎದ್ದ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿ, ಉಗುರಿನ ಸಂದಿಗೂ ಉಜ್ಜಿ, ಹಳೆ ಬಟ್ಟೆಯಲ್ಲಿ ಒರೆಸು. ಖಾರ ಎಣ್ಣೆಗೆ ಬಿಡುತ್ತದೆ, ಬರಿ ನೀರಿಗೆ ಬಿಡುವುದಿಲ್ಲ. ಆಮೇಲೆ ಸೋಪು ಹಾಕಿ ತಣ್ಣೀರಿನಲ್ಲಿ ಎರಡು ಸಲ ತೊಳೆ. ಇನ್ನೂ ಉರಿದರೆ ಮೊಸರಿನಲ್ಲಿ ಕೈಯಿಟ್ಟು ಕೂರು. ಅವ್ವ ಅದನ್ನು ಮಜ್ಜಿಗೆ ಮಾಡುವ ಮೊದಲೇ ತೆಗೆದಿಟ್ಟುಕೋ.

ಪಾಪುವಿಗೆ ಅವ್ವನೇ ಸ್ನಾನ ಮಾಡಿಸಲಿ. ಸ್ನಾನವಾದ ಮೇಲೆ ನೀನು ಅವಳ ಕಣ್ಣಿಗೆ ಕಾಡಿಗೆ ಹಚ್ಚಕೂಡದು. ಆ ಬೆರಳು ನಿನ್ನ ಮೂರು ತಿಂಗಳ ಕೂಸಿನ ಕಣ್ಣಿಗೆ ತಾಗಿದರೆ ಏನಾಗುತ್ತದೆಂದು ಯೋಚಿಸು. ಅವ್ವ ಹಚ್ಚುವುದೂ ಬೇಡ, ಕಾಡಿಗೆ ಕೂಸಿನ ಕಣ್ಣಿಗೆ ಒಳ್ಳೆಯದಲ್ಲವೆಂದು ಓದಿದ್ದೇನೆ. "ಬರಿಗಣ್ಣಲ್ಲಿ ಬುಟ್ರೆ ಮಗಿಗೆ ದಿಷ್ಟಿ ಆಯ್ತದೆ ಕಣವ್ವ" ಎಂದು ಅವ್ವ ಶುರುಮಾಡುತ್ತಾಳೆ. ನೀನು ಸೋಲುತ್ತೀಯ, ನನಗೆ ಗೊತ್ತು. ಅದಕ್ಕೇ ಕಾಡಿಗೆ ಡಬ್ಬಿಯನ್ನು ನನ್ನ ಊಟದ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದೇನೆ. ಪುಸ್ತಕ ಓದಿ ಇವಳ ತಲೆ ಕೆಟ್ಟಿದೆ ಎಂದು ಅವ್ವ ಬಯ್ಯುವುದಿದ್ದರೆ, ಸಂಜೆ ನನ್ನನ್ನೇ ಬಯ್ಯಲಿ.

ಜಯಶೀಲ