ಡುಮ್ಮ ಕಾಯುವ ಹತ್ತು ಸೆಕೆಂಡು

ಮಾರ್ಚ್ 3, ಮಧ್ಯಾಹ್ನ 12.30
ಮಾತ್ರೆ ಕೊಟ್ಟಾಯಿತು. ಬಲಗೈ ಮಸಾಜ್ ಆಯಿತು. ಇವರ ಶೇವಿಂಗೂ ಈಗ ನನ್ನ ಕೈಲೇ — ಗಲ್ಲಕ್ಕೆ ಚೂರು ತಾಗಿಸಿಬಿಟ್ಟೆ. ಬೈಯಲು ಬಾಯಿ ತೆರೆದರು, ಮಾತು ಬರಲಿಲ್ಲ. ಸ್ಟ್ರೋಕ್ ಆಗಿ ಏಳು ವಾರ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಹನ್ನೊಂದಕ್ಕೆ ಮಾತು ಕಲಿಸುವ ಡಾಕ್ಟರಮ್ಮ ಬಂದರು. ಜೊತೆಗೊಂದು ರೋಬೋಟ್. ಕುಕ್ಕರ್ ಗಾತ್ರ, ಎರಡು ಕಣ್ಣು, ಕತ್ತು ತಿರುಗಿಸುತ್ತದೆ. ಬಾಯಿಪಾಠ ಒಪ್ಪಿಸುವ ಆಟಿಕೆ ಅಲ್ಲವಂತೆ, ಎಐ. ನಾವು ಹೇಳಿದ್ದಕ್ಕೆ ತಕ್ಕ ಮಾತು ತಾನೇ ಹೊಸೆಯುತ್ತದಂತೆ. "ದಿನಾ ಅರ್ಧ ಗಂಟೆ ಇದರ ಜೊತೆ ಮಾತಾಡ್ಲಿ. ಈ ಕೆಲವು ತಿಂಗಳೇ ಮುಖ್ಯ ಅಮ್ಮ. ಈಗ ಬಾಯಿ ಬಿಡದಿದ್ರೆ ಆಮೇಲೆ ಕಷ್ಟ."

ರೋಬೋಟಿಗೆ ಡುಮ್ಮ ಅಂತ ಹೆಸರಿಟ್ಟೆ.

ಮಾರ್ಚ್ 5
ಡುಮ್ಮನಿಗೆ ತಾಳ್ಮೆ ಎಂಬುದೇ ಇಲ್ಲ. "ಏನು ಕೆಲಸ ಮಾಡ್ತಿದ್ರಿ?" ಅಂತ ಕೇಳುತ್ತದೆ. ಇವರು "ಬ... ಬಟ್..." ಅನ್ನುವಷ್ಟರಲ್ಲಿ "ಓ, ಬಟ್ಟೆ ವ್ಯಾಪಾರಾನಾ? ಒಳ್ಳೇದು!" ಮೂವತ್ತೊಂದು ವರ್ಷ ಟೈಲರ್ ಆಗಿದ್ದವರು, ವ್ಯಾಪಾರಿಯಂತೆ! ಫೋನ್ ಮಾಡಿ ಜಾಡಿಸಿದೆ. ಡಾಕ್ಟರಮ್ಮ ಅಲ್ಲಿಂದಲೇ ಏನೋ ಸೆಟ್ಟಿಂಗ್ ಬದಲಿಸಿದರು. ಇನ್ನು ಹತ್ತು ಸೆಕೆಂಡು ಕಾಯುತ್ತದಂತೆ.

ಮಾರ್ಚ್ 6
ಹತ್ತು ಸೆಕೆಂಡು ಇಷ್ಟು ಉದ್ದವಾ! ಡುಮ್ಮ ಕಣ್ಣರಳಿಸಿ ಕೂತಿರುತ್ತದೆ. ಇವರ ಹಣೆ ತುಂಬ ಬೆವರು. ನೋಡಲಾಗುವುದಿಲ್ಲ ನನಗೆ.

ಮಾರ್ಚ್ 14
ಬರೆಯುವಂಥದ್ದೇನೂ ಇರಲಿಲ್ಲ. ಇವರು ಒಂದು ಪದವೂ ಹೆಚ್ಚು ಆಡಿಲ್ಲ. ಡುಮ್ಮನದೇ ಬಾಯಿ ಜೋರು. ಇವತ್ತು ಇವರನ್ನು ಕೇಳುತ್ತದೆ, "ನಿಮ್ಮ ಮಂಡಿನೋವು ಹೇಗಿದೆ?" ಮಂಡಿನೋವು ನನಗೆ! ತಲೆ ಕೆಟ್ಟ ಯಂತ್ರ. ವಾಪಸ್ ಕೊಟ್ಟುಬಿಡುತ್ತೇನೆ.

ಮಾರ್ಚ್ 16, ಸಂಜೆ
ಜಗಳಕ್ಕೆ ಟೊಂಕ ಕಟ್ಟಿಕೊಂಡೇ ಕೂತಿದ್ದೆ. ಡಾಕ್ಟರಮ್ಮ ಬಂದವರೇ ಕೆಲವು ಹಾಳೆ ಕೈಗೆ ಕೊಟ್ಟರು. ಡುಮ್ಮನ ಜೊತೆಗಿನ ಅಷ್ಟೂ ದಿನದ ಮಾತುಕತೆ ಅದರಲ್ಲಿ, ಎಷ್ಟು ಸೆಕೆಂಡಿಗೆ ಉತ್ತರ ಬಂತು ಅನ್ನುವುದೂ.

ಕಾಫಿ ಇಷ್ಟಾನಾ? — ಮೂರು ಸೆಕೆಂಡು. "ಇಷ್ಟ, ಸಕ್ಕರೆ ಕಮ್ಮಿ ಇರ್ಬೇಕು."
ನಿದ್ದೆ ಬಂತಾ? — ಎರಡು ಸೆಕೆಂಡು. "ಎಲ್ಲಿ ಬಂತು, ಈ ಮಂಡಿನೋವಲ್ಲಿ!"

ಪುಟಪುಟಕ್ಕೂ ಉತ್ತರ ಕೊಟ್ಟವಳು ನಾನೇ. ಡುಮ್ಮ ಕಾದಿದೆ. ನಾನು ಕಾಯಲಿಲ್ಲ.

"ಅಭ್ಯಾಸ ಆಗ್ಬಿಟ್ಟಿದೆ ಡಾಕ್ಟ್ರೇ" ಎಂದೆ. ನಮ್ಮ ಹೊಲಿಗೆ ಅಂಗಡಿಯಲ್ಲಿ ಇವರ ಬಾಯಲ್ಲಿ ಸದಾ ಪಿನ್ನು. ಪಿನ್ನು ಕಚ್ಚಿಕೊಂಡು ಮಾತಾಡುವುದು ಹೇಗೆ? ಗಿರಾಕಿ ಏನೇ ಕೇಳಲಿ, ಇವರು ನನ್ನ ಕಡೆ ನೋಡುವರು. ಗುಂಡಿಯ ಕಾಜ ಹೊಲಿಯುತ್ತಲೇ ನಾನು ಹೇಳುವೆ. ಗುರುವಾರ ಬನ್ನಿ. ತೋಳು ಸ್ವಲ್ಪ ಬಿಡೋಣ. ಕಾಲರ್ ಸರಿಹೋಗುತ್ತೆ. ಮೂವತ್ತೊಂದು ವರ್ಷ ಹೀಗೇ.

"ಈಗ ಅವರ ಬಾಯಲ್ಲಿ ಪಿನ್ನಿಲ್ವಲ್ಲಮ್ಮ" ಎಂದರು ಡಾಕ್ಟರಮ್ಮ ಮೆಲ್ಲಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಡುಗೆಮನೆಗೆ ಹೋಗಿ ಅತ್ತೆ.

ಮಾರ್ಚ್ 17
ಡಾಕ್ಟರಮ್ಮನ ಹೊಸ ಕಟ್ಟಳೆ: ನಾನು ಕೋಣೆಯಲ್ಲಿ ಇರಬಹುದು, ತುಟಿ ಬಿಚ್ಚಬಾರದು. ಕೈಗೊಂದು ಕೆಲಸ ಬೇಕಲ್ಲ, ಡೈರಿ ಹಿಡಿದು ಕೂತೆ.

"ಬೆಳಿಗ್ಗೆ ಏನು ತಿಂದ್ರಿ?"
ಒಂಬತ್ತನೇ ಸೆಕೆಂಡಿಗೆ — "ಬ್ರೆ...ಡ್ಡು."
"ಬೆಣ್ಣೆ ಹಚ್ಚಿದ್ರಾ?"
"ಇಲ್...ಲ."

ಹಚ್ಚಿದ್ದೆ! ಧಾರಾಳವಾಗಿ ಹಚ್ಚಿದ್ದೆ! ತುಟಿ ಕಚ್ಚಿ ಕೂತೆ. ಇವರ ಕಣ್ಣಲ್ಲಿ ತುಂಟತನ. ಎಷ್ಟು ದಿನವಾಗಿತ್ತು ನೋಡಿ.

ಮಾರ್ಚ್ 22, ಬೆಳಿಗ್ಗೆ 11
ಪಾಠ ನಡೆಯುತ್ತಿದೆ, ನಾನು ಮೂಲೆಯಲ್ಲಿ. ಐದು ದಿನಕ್ಕೆ ಹದಿನಾಲ್ಕು ಪದ. ಎಲ್ಲ ಚಿಲ್ಲರೆ ಪದ — ಬ್ರೆಡ್ಡು, ನೀರು, ಸಾಕು, ಬೇಡ.

ಡುಮ್ಮ ಕೇಳಿತು: "ಅಂಗಡೀಲಿ ನಿಮ್ಮ ಜೊತೆ ಯಾರಿರ್ತಿದ್ರು?"

ನನ್ನ ಕಡೆ ನೋಡುತ್ತಿದ್ದಾರೆ, ನೀನೇ ಹೇಳು ಅನ್ನುವ ಹಾಗೆ. ನಾಲಿಗೆಯ ತುದಿಗೆ ಬಂದಿದೆ. ಹೇಳುವುದಿಲ್ಲ. ತಲೆ ಬಗ್ಗಿಸಿ ಬರೆಯುತ್ತೇನೆ. ಆರು... ಏಳು... ದೇವರೇ, ಹತ್ತಾದರೆ ಬೇರೆ ಪ್ರಶ್ನೆಗೆ ಹೋಗಿಬಿಡುತ್ತದೆ. ಎಂಟು...

"ಇ...ವ್ಳು."

ಡುಮ್ಮ: "ಅವರ ಬಗ್ಗೆ ಸ್ವಲ್ಪ ಹೇಳ್ತೀರಾ?"

ನಗುತ್ತಿದ್ದಾರೆ. ಎಡಗೈ ನನ್ನತ್ತ ಚಾಚಿದ್ದಾರೆ. ಬಾಯಿ ತೆರೆದರು... ಬರೆಯುತ್ತ ಕೂತರೆ ಕೇಳುವುದು ಯಾರು, ಪೆನ್ನು ಕೆಳಗೆ—