ಗಾಲಿಯ ಮೇಲೊಂದು ತೌರುಮನೆ

೧೦ ಏಪ್ರಿಲ್ ೨೦೧೧, ಭಾನುವಾರ

ಬೆಳಗ್ಗೆ ಬಂಗುಡೆ. ಮಧ್ಯಾಹ್ನವೂ ಬಂಗುಡೆ. ಟೆಂಪೋದಲ್ಲಿ ಮಾರಾಟವಾಗದೆ ಉಳಿದದ್ದೆಲ್ಲ ನನ್ನ ಅಡುಗೆಮನೆಗೆ. ಮೀನು ವ್ಯಾಪಾರಿಯನ್ನು ಕಟ್ಟಿಕೊಂಡರೆ ಇದೇ ಹಣೆಬರಹ ಎಂದು ಗೊಣಗಿದ್ದಕ್ಕೆ ಇವರು ಎರಡು ತುಂಡು ಹೆಚ್ಚೇ ತಿಂದರು.

ಸಂಜೆ ಮುಂಬೈಗೆ ಫೋನ್. ತಮ್ಮ ಸೂರನೇ ಎತ್ತಿದ. ಈ ಮೇ ತಿಂಗಳಲ್ಲಾದರೂ ಬಾ ಎಂದೆ. ಮರವಂತೆಯ ನಮ್ಮ ಮನೆಯನ್ನು ಕಡಲು ಎಳೆದುಕೊಂಡು ಹೋದ ಮೇಲೆ ಊರಿನ ಕಡೆ ತಲೆ ಹಾಕಿಲ್ಲ ಅವನು. ಅಮ್ಮ ಅದಕ್ಕೂ ಮೊದಲೇ ಹೋದಳು. ಪುಣ್ಯವಂತೆ, ನೋಡಲಿಲ್ಲ.

"ಮನಿ ಎಲ್ಲಿತ್ ಅಕ್ಕ? ಎಲ್ಲಿಗಂದೇಳಿ ಬಪ್ದ್?"

"ವಂಡ್ಸೆಗ್ ಬಾ. ಇಲ್ ಮನಿ ಇಲ್ಯಾ?"

"ಅದ್ ಬಾವನ ಮನಿ. ಚಲ್ ಅಕ್ಕ, ಇಡ್ತೆ."

ಇಟ್ಟೇಬಿಟ್ಟ. ಸಿಟ್ಟು ಬರಲಿಲ್ಲ, ಅದೇ ಕಷ್ಟ. ನನಗೂ ಹಾಗೇ ಅನಿಸುತ್ತದಲ್ಲ... ವಂಡ್ಸೆಯಿಂದ ಮರವಂತೆ ಏನು ಮಹಾ ದೂರ? ಬಸ್ ಹತ್ತಿದರೆ ಆಯಿತು. ನೋಡಬಹುದು, ಉಳಿಯಲಾಗದು. ತೌರಿಗೆ ಹೋದೆ ಎನ್ನಬೇಕಾದರೆ ಹೆಣ್ಣು ಒಂದು ರಾತ್ರಿಯಾದರೂ ಅಲ್ಲಿ ಮಲಗಿ ಏಳಬೇಕು. ಸಂಜೆ ಬಸ್ಸಿಗೆ ವಾಪಸಾದರೆ ಅದು ಸಂತೆಗೆ ಹೋದ ಲೆಕ್ಕ.

೧೨ ಏಪ್ರಿಲ್

ಮಗಳು ನವ್ಯಶ್ರೀ ಟಿ.ವಿ. ಮುಂದೆ ಕೂತವಳು ಕೂಗಿದಳು. "ಅಮ್ಮ, ಬಾ ಕಾಣ್. ಬಸ್ಸೊಳ್ಗೆ ಮನಿ."

ಫಾರಿನ್ನವರು. ಕಡಲ ಬದಿಯಲ್ಲಿ ಗಾಡಿ ನಿಲ್ಲಿಸಿದ್ದಾರೆ. ಒಳಗೇ ಹಾಸಿಗೆ, ಒಲೆ, ಕಿಟಕಿಗೆ ಹೂವಿನ ಪರದೆ. ಹೊರಗೆ ಕುರ್ಚಿ ಹಾಕಿ ಗಂಡ ಹೆಂಡತಿ ಚಹಾ ಕುಡಿಯುತ್ತಿದ್ದಾರೆ. ಬಡಿಸುವ ಸೌಟು ಕೈಯಲ್ಲೇ ಹಿಡಿದು ನಿಂತೆ.

ನಮ್ಮಲ್ಲೂ ಟೆಂಪೋ ಇದೆಯಲ್ಲ!

ಟೆಂಪೋವನ್ನೇ ಮನೆ ಮಾಡಿಕೊಂಡು ಮರವಂತೆಗೆ ಹೋಗೋಣ ಎಂದು ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ.

"ನಿನ್ ಮಂಡೆ ಸಮ ಇತ್ತಾ? ಕಡಲ್ ಬದಿಯರ್ ಕಡಲ್ ಕಾಂಬುಕೆ ಟೂರ್ ಹೋಪ್ದಾ? ಅದೂ ಮೀನಿನ್ ಗಾಡಿಯಲ್?"

"ಮೀನಿನವ್ರ್ ಮಕ್ಳಿಗ್ ಮತ್ತೆಂತ, ಹೂವಿನ್ ಗಾಡಿ ಬರ್ಕಾ?"

ನಕ್ಕರು. ನಕ್ಕರೆ ಅರ್ಧ ಒಪ್ಪಿದ ಹಾಗೆ. ಇವರನ್ನು ಬಲ್ಲೆ.

೧೭ ಏಪ್ರಿಲ್, ಸಂಜೆ

ಸೂರನಿಗೆ ಎಲ್ಲ ಹೇಳಿದೆ. ಮನೆ ಇಲ್ಲ ಎಂದೆಯಲ್ಲ, ನಾನೇ ಮನೆ ತರುತ್ತೇನೆ. ಮೇ ಕೊನೆಗೆ ಬಾ. ನಮ್ಮ ಬಾವಿಕಟ್ಟೆಯ ಪಕ್ಕದಲ್ಲೇ ನಿಲ್ಲಿಸೋಣ. ಉಳಿದಿರುವುದು ಅದೊಂದೇ, ಈ ಮಳೆಗಾಲಕ್ಕೆ ಅದೂ ಹೋಗುತ್ತದೆ. ಅಷ್ಟರೊಳಗೆ ಒಂದು ರಾತ್ರಿ, ಅಕ್ಕ ತಮ್ಮ ಅಲ್ಲಿ ಮಲಗೋಣ.

ಸೂರ ಮೆಲ್ಲಗೆ ಎಂದ:

"ಬತ್ತೆ."

ಬರುತ್ತಾನೆ. ಸೂರ ಬರುತ್ತಾನೆ.

ಇವರದ್ದು ತಕರಾರು. "ಅದ್ ಫೋನ್ ಇಡುವಾಗಿನ್ ಬತ್ತೆ. ಹೊರ್ಡುವಾಗ ನಾವೆಲ್ಲ ಹೇಳುದಿಲ್ಯಾ?"

ಗೊತ್ತಿಲ್ಲದವಳೇ ನಾನು? ನಮ್ಮಲ್ಲಿ ಹೊರಡುವವರು ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲ, ಅಪಶಕುನ. 'ಬತ್ತೆ' ಎಂದೇ ಹೊರಡುವುದು. ಆದರೆ ಸೂರ ಫೋನ್ ಇಡುವುದು 'ಚಲ್' ಎಂದು. ಇವತ್ತು 'ಚಲ್' ಎನ್ನಲಿಲ್ಲ. ಇವರಿಗೆ ಅದೆಲ್ಲ ಎಲ್ಲಿ ಅರ್ಥವಾಗಬೇಕು.

೨೪ ಏಪ್ರಿಲ್

ಹಂಗಾರಕಟ್ಟೆಯಿಂದ ಗುಡ್ಡಣ್ಣ ಬಂದಿದ್ದ. ಜನ್ಮವಿಡೀ ಬೋಟ್ ಕಟ್ಟಿದ ಆಚಾರಿ, ಇವರ ಪರಿಚಯ. ಟೆಂಪೋ ಸುತ್ತ ಎರಡು ಸುತ್ತು ಬಂದು "ಇದ್ ನೀರಂಗ್ ಇಳಿತಾ?" ಎಂದು ಕೇಳಿದ. ಇಳಿಯುವುದಿಲ್ಲ ಎಂದು ಎಷ್ಟು ಹೇಳಿದರೂ ಅಡಿಗೆ ಡಾಂಬರು ಬಳಿದೇ ಬಿಟ್ಟ. ಮಲಗಲು ಹಲಗೆ ಕೂರಿಸಿದ್ದಾನೆ. ಬೆಳಗ್ಗೆ ತೆಗೆದು ಮೀನಿನ ಪೆಟ್ಟಿಗೆ ಇಡಬಹುದು, ಬೇಕಾದಾಗ ಮತ್ತೆ ಹಾಕಬಹುದು. ಸೂರ ಉದ್ದ. ಅವನ ಹಲಗೆ ಒಂದು ಗೇಣು ಹೆಚ್ಚಿಗೆ ಮಾಡಿಸಿದೆ.

೨ ಮೇ

ಟೆಂಪೋ ಒಳಗೆಲ್ಲ ಹುಣಸೆಹುಳಿ ಹಾಕಿ ತಿಕ್ಕಿದೆ. ಸೋಪಿನ ಪುಡಿ. ಫಿನಾಯಿಲ್. ನವ್ಯಶ್ರೀ ಒಂದು ಕಟ್ಟು ಊದುಬತ್ತಿ ಹಚ್ಚಿದಳು. ಮೀನಿನ ವಾಸನೆ ಜಪ್ಪಯ್ಯ ಎಂದರೂ ಹೋಗಲಿಲ್ಲ. ಸುಸ್ತಾಗಿ ಒಳಗೇ ಕೂತೆ... ಅಮ್ಮನ ಸೀರೆಯೂ ಹೀಗೇ ನಾರುತ್ತಿತ್ತು. ಮೀನು ಮಾರಿ ಬುಟ್ಟಿ ಇಳಿಸಿ ಬಂದವಳು ನಮ್ಮಿಬ್ಬರನ್ನು ಅದೇ ಸೆರಗಿನಲ್ಲಿ ಒರೆಸುತ್ತಿದ್ದಳು. ಇನ್ನು ತಿಕ್ಕುವುದಿಲ್ಲ. ಇರಲಿ.

೮ ಮೇ

ಯಾವ ರೈಲು ಎಂದು ಕೇಳಲು ಫೋನ್ ಮಾಡಿದೆ.

"ಯಾವ್ದಕ್ ಅಕ್ಕ?"

"ಬತ್ತೆ ಅಂದ್ಯಲ್ಲ ಮಾರಾಯ."

"ನಾನಾ? ಅದ್ ಫೋನ್ ಇಡುಕ್ ಹೇಳ್ದ್ ಅಕ್ಕ... ಈಗ ರಜೆ ಸಿಕ್ಕುದಿಲ್ಲ. ಅಲ್ ಎಂತ ಇತ್ತ್ ಕಾಂಬುಕೆ?"

ಚಲ್ ಎಂದ. ಇಟ್ಟ.

ಇವರು 'ನಾನ್ ಹೇಳ್ಲಿಲ್ಯಾ' ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

೨೫ ಮೇ

ಬರೆಯುವ ಮನಸ್ಸಿರಲಿಲ್ಲ.

ಹಲಗೆಗಳನ್ನು ಸೌದೆ ಕೊಟ್ಟಿಗೆಗೆ ಹಾಕಿಸಿದ್ದೆ. ಇವತ್ತು ನೋಡಿದರೆ ಇವರು ಒಂದೊಂದೇ ಹೊರಗೆ ತಂದು ಒರೆಸುತ್ತಿದ್ದಾರೆ.

"ಎಂತ ಮಾಡುದ್?"

"ಶನಿವಾರ ಹೋಪ. ಮಳೆ ಮೋಡ ಕಾಂತಿತ್ತ್."

"ಅವ ಬತ್ತಿಲ್ಲ."

"ಅವಂದ್ ಮಾತ್ರವಾ ಆ ಮನಿ? ನಿಂದಲ್ದಾ?"

ಸೌದೆ ಹಿಂದೆ ಹೋಗಿ ಅತ್ತೆ. ಇವರ ಎದುರಿಗೆ ಅತ್ತರೆ ಇನ್ನು ಹತ್ತು ವರ್ಷ ಆಡಿಕೊಳ್ಳುತ್ತಾರೆ.

೨೮ ಮೇ, ಶನಿವಾರ, ಮರವಂತೆ, ಸಂಜೆ

ಬಂದೆವು. ರಸ್ತೆಯ ಆಚೆ ಹೊಳೆ, ಈಚೆ ಕಡಲು. ಅದರ ನಡುವೆ ನಮ್ಮ ಮೀನಿನ ಮನೆ. ಹಳೇ ಸೀರೆಯ ಪರದೆ ಗಾಳಿಗೆ ನಿಲ್ಲುತ್ತಲೇ ಇಲ್ಲ. ಬಾವಿಕಟ್ಟೆ ಅರ್ಧ ಮರಳಲ್ಲಿ ಹೂತಿದೆ. ಹಗ್ಗ ಉಜ್ಜಿ ಸವೆದ ಜಾಗ ಹಾಗೇ ಇದೆ. ಕೈ ಇಟ್ಟೆ. ಸೂರನನ್ನು ಇದರ ಮೇಲೆ ನಿಲ್ಲಿಸಿ ಮೀಯಿಸುತ್ತಿದ್ದೆ, ಕಣ್ಣಿಗೆ ಸೋಪು ಹೋಯಿತೆಂದು ಊರಿಗೆಲ್ಲ ಕೇಳುವಂತೆ ಅಳುತ್ತಿದ್ದ.

ಮಾತಾಡಬಾರದು ಎಂದುಕೊಂಡಿದ್ದೆ. ಆದರೂ ಫೋನ್ ಮಾಡಿದೆ. ಏನೂ ಹೇಳದೆ ಫೋನನ್ನು ಕಡಲಿನ ಕಡೆ ಹಿಡಿದೆ. ತುಂಬ ಹೊತ್ತು. ಕೈ ಸೋತ ಮೇಲೆ ಕಿವಿಗಿಟ್ಟರೆ ಲೈನಿನಲ್ಲೇ ಇದ್ದ.

"ಬಾವಿ ಇತ್ತಾ ಅಕ್ಕ?"

"ಕಟ್ಟೆ ಮಾತ್ರ."

ಆಮೇಲೆ —

"ಬತ್ತೆ."

ಇನ್ನೊಮ್ಮೆ ಮೋಸ ಹೋಗಲು ನಾನು ತಯಾರಿರಲಿಲ್ಲ. "ಯಾವ್ ಬತ್ತೆ ಸೂರ? ಹೋಪ ಬತ್ತೆಯಾ, ಬಪ್ಪ ಬತ್ತೆಯಾ?"

"ಬಪ್ಪ ಬತ್ತೆ ಅಕ್ಕ. ನಾಳೆ ಮತ್ಸ್ಯಗಂಧ ರೈಲಿಗೆ. ಸೀಟ್ ಸಿಕ್ಕದಿದ್ರೆ ನಿಂತ್ಕಂಡೇ ಬತ್ತೆ."

ನಾಳೆ ಟೆಂಪೋ ಮೀನಿಗೆ ಹೋಗಬೇಕಿತ್ತು. ಇವರ ಮುಖ ನೋಡಿದೆ. "ಎರಡ್ ದಿನ ಮೀನ್ ತಿನ್ನದಿದ್ರೆ ವಂಡ್ಸೆಯರಿಗ್ ಎಂತ ಆತಿಲ್ಲ" ಎಂದರು.

೩೦ ಮೇ, ಸೋಮವಾರ, ಬೆಳಗ್ಗೆ

ನಿನ್ನೆಯಿಂದ ಕಡಲಿಗೆ ಸಿಟ್ಟು. ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ್ದೇವೆ. ಬೆಳಕು ಹರಿದ ಕೂಡಲೇ ಇಳಿದು ನೋಡಿದೆ. ಬಾವಿಕಟ್ಟೆ ಇಲ್ಲ. ಜಾಗ ಸಹ ಗುರುತು ಸಿಗುವುದಿಲ್ಲ.

ಒಂದು ದಿನ. ಒಂದೇ ಒಂದು ದಿನ ತಡೆಯಬಾರದಿತ್ತೇ?

ರೈಲು ಬಂದಾಗಿರಬೇಕು. ಕುಂದಾಪುರದಿಂದ ಬಸ್ಸು. ಇವರೂ ನವ್ಯಶ್ರೀಯೂ ಬಸ್‌ಸ್ಟಾಪಿನಲ್ಲಿ ಕಾಯುತ್ತಿದ್ದಾರೆ. ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಎಂತ ಇತ್ತ್ ಕಾಂಬುಕೆ ಎಂದು ಕೇಳಿದವನನ್ನು ಅಷ್ಟು ದೂರದಿಂದ ಕರೆಸಿದೆ. ಈಗ ತೋರಿಸಲು ನಿಜವಾಗಿಯೂ ಏನೂ ಇಲ್ಲ. ನಾರುವ ಈ ಗಾಡಿ ಒಂದು ಬಿಟ್ಟು.

ಹನಿ ಶುರುವಾಯಿತು. ತಗಡಿನ ಮೇಲೆ ಟಪ ಟಪ. ಚಹಾಕ್ಕೆ ನೀರಿಟ್ಟಿದ್ದೇನೆ. ಅವನ ಹಲಗೆಗೆ ಚಾಪೆ ಹಾಸಿದೆ. ತೆಗೆದೆ. ಮತ್ತೆ ಹಾಸಿದೆ.

ಬಸ್ಸು ನಿಂತ ಸದ್ದು. ಬರೆಯುತ್ತಾ ಇರುತ್ತೇನೆ, ಏಳುವುದಿಲ್ಲ. ನವ್ಯಶ್ರೀ ನಗುವುದು ಕೇಳಿತು. ಹೆಜ್ಜೆ. ಗಾಡಿಯ ಹಿಂದೆ ಬಂದು ನಿಂತಿತು. ತಗಡಿನ ಬಾಗಿಲನ್ನು ಯಾರೋ ತಟ್ಟುತ್ತಿದ್ದಾರೆ —

"ಹ್ವಾಯ್, ಮನಿಯೊಳ್ಗ್ ಯಾರಿದ್ರಿ?"

ಮನಿ ಎಂದ. ಸೂರ ಮನಿ ಎಂ —